ನರದ ತುದಿಗೊಂದು ಮುಚ್ಚಳ

ಏಳು ವರ್ಷದಿಂದ ಹೊಂಬಾಳಮ್ಮ ತನ್ನ ಬಲಗೈಯನ್ನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೊಡಲು ಬಂದರೆ ಎಡಗೈ ಚಾಚಿ ಬೈಸಿಕೊಳ್ಳುತ್ತಿದ್ದಳು. ಸೀರೆಯ ಸೆರಗು ಹೆಬ್ಬೆರಳಿನ ಬುಡಕ್ಕೆ ತಾಗಿದರೂ ಸಾಕು, ಒಲೆಯ ಕೆಂಡ ಒತ್ತಿ ಹಿಡಿದ ಹಾಗೆ ಉರಿ ಎದ್ದು ಮೊಣಕೈವರೆಗೆ ಹತ್ತುತ್ತಿತ್ತು. ಮಗಳು ಸ್ಪಂದನ ಬಸುರಿಯಾದ ಸುದ್ದಿ ಬಂದಾಗ ಹೊಂಬಾಳಮ್ಮ ಮೊದಲು ನೋಡಿಕೊಂಡದ್ದು ಈ ಕೈಯನ್ನೇ. ಚೊಚ್ಚಲ ಬಾಣಂತನ ತಾಯಿಯ ಮನೆಯದು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರು ಎರೆಯಬೇಕಾದ ಕೈ ಇದು. ಇಂಥ ಕೈಯಲ್ಲಿ ಎರೆಯುವುದೆಂತು ಎಂಬ ಚಿಂತೆ ಅವಳನ್ನು ತಿನ್ನತೊಡಗಿತು.

ಅವಳದು ರಾಮನಗರದಲ್ಲಿ ನಾಲ್ಕು ಬಾಣಲೆಯ ಸಣ್ಣ ಶೆಡ್ಡು. ಬಿಸಿನೀರಿನ ಬಾಣಲೆಯಲ್ಲಿ ರೇಷ್ಮೆಗೂಡು ಬೇಯಿಸಿ, ನೂಲಿನ ತುದಿ ಹಿಡಿದು ರಾಟೆಗೆ ಏರಿಸುವ ಕೆಲಸ. ದೊಡ್ಡ ಕಾರ್ಖಾನೆಗಳಲ್ಲಿ ಆ ಕೆಲಸವನ್ನು ಯಂತ್ರದ ಬೆರಳುಗಳು ಮಾಡಲು ಶುರುವಾಗಿ ಹತ್ತು ವರ್ಷವಾಗಿತ್ತು. ಆದರೂ ಕೈಯಲ್ಲಿ ಬಿಚ್ಚಿದ ನೂಲೇ ಬೇಕೆನ್ನುವ ನೇಕಾರರು ಅಲ್ಲಲ್ಲಿ ಉಳಿದಿದ್ದರಿಂದ ಶೆಡ್ಡೂ ಉಳಿದಿತ್ತು. ಗಂಡ ತೀರಿಕೊಂಡ ವರ್ಷ ರಾಟೆಯ ಹಿತ್ತಾಳೆ ಪಟ್ಟಿ ಕಿತ್ತುಬಂದು ಅವಳ ಮಣಿಕಟ್ಟಿಗೆ ಹೊಡೆಯಿತು. ಗಾಯವೇನೋ ಹದಿನೈದು ದಿನದಲ್ಲಿ ಮಾಯಿತು. ಒಳಗೆ ತುಂಡಾದ ನರ ಮಾಯಲಿಲ್ಲ.

ತುಂಡಾದ ನರ ಸುಮ್ಮನೆ ಕೂರುವ ಜಾತಿಯದಲ್ಲ. ತನ್ನ ಇನ್ನೊಂದು ತುದಿ ಎಲ್ಲಿದೆ ಎಂದು ಹುಡುಕುತ್ತಾ ಬೆಳೆಯುತ್ತದೆ. ಸಿಗದಿದ್ದರೆ ಸಿಕ್ಕುಬಿದ್ದ ನೂಲಿನಂತೆ ತನಗೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಗಾಳಿ ಸೋಕಿದರೂ ಆ ಗಂಟು, ಬೆಂಕಿ ಬಿದ್ದಿದೆ ಎಂದು ಮಿದುಳಿಗೆ ದೂರು ಕಳಿಸುತ್ತದೆ. ಒಮ್ಮೆ ಗಂಟು ಕತ್ತರಿಸಿ ತೆಗೆದರು, ಮತ್ತೆ ಬೆಳೆಯಿತು. ಇನ್ನೊಮ್ಮೆ ನರದ ತುದಿಯನ್ನು ಮಾಂಸಖಂಡದ ಒಳಗೆ ಹೂತರು, ಅಲ್ಲಿಯೂ ಬೆಳೆಯಿತು. ಮಾತ್ರೆ ನುಂಗಿ ನುಂಗಿ, ಎಡಗೈಯಲ್ಲೇ ಗೂಡು ಕಲಕುತ್ತಾ ಹೊಂಬಾಳಮ್ಮ ಬಾಣಲೆಯ ಮುಂದೆಯೇ ತೂಕಡಿಸುತ್ತಿದ್ದಳು.

ಬೆಂಗಳೂರಿನ ಆ ಆಸ್ಪತ್ರೆಯ ಸುದ್ದಿ ತಂದವನು ಅಳಿಯ ಸಿದ್ಧಾರ್ಥ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ ಅವನು ಅರ್ಜಿ ತುಂಬಿ, ಹಳೆಯ ಚೀಟಿಗಳನ್ನೆಲ್ಲ ಸೇರಿಸಿ ಕಳಿಸಿ, ರಜಾ ಹಾಕಿ ತಾನೇ ಅತ್ತೆಯನ್ನು ಕರೆದುಕೊಂಡು ಹೋದ.

ಅಲ್ಲಿನ ಶಸ್ತ್ರವೈದ್ಯ ಡಾಕ್ಟರ್ ಇಂದುಶೇಖರ್ ತಮ್ಮ ಜೀವಮಾನವನ್ನೆಲ್ಲ ಒಂದೇ ಪ್ರಶ್ನೆಯ ಹಿಂದೆ ಕಳೆದಿದ್ದರು. ನೋವನ್ನು ಕೊಲ್ಲಲು ಆಗದಿದ್ದರೆ ಹೋಗಲಿ, ಅದರ ವಿಳಾಸ ಬದಲಿಸಿದರೆ ಏನಾಗುತ್ತದೆ?

"ನೋಡಿ ಅಮ್ಮ, ನಿಮ್ಮ ನರ ಕೂಗುವುದನ್ನು ನಾನು ನಿಲ್ಲಿಸಲಾರೆ," ಎಂದರು. "ಗಂಟು ತೆಗೆದು, ನರದ ತುದಿಗೆ ಅಕ್ಕಿಕಾಳಿನಷ್ಟು ಒಂದು ಮುಚ್ಚಳ ಹಾಕುತ್ತೇನೆ. ಉರಿಯ ಸುದ್ದಿ ಬಂದರೆ ಮುಚ್ಚಳ ಅದನ್ನು ಅಲ್ಲಿಯೇ ತಡೆಯುತ್ತದೆ. ತಡೆದು, ಚರ್ಮದ ಕೆಳಗಿನ ಎಳೆತಂತಿಯಲ್ಲಿ ಕುತ್ತಿಗೆಗೆ ಕಳಿಸುತ್ತದೆ. ಹೊಟ್ಟೆಯಿಂದ ಮಿದುಳಿಗೆ ಹೋಗುವ ದೊಡ್ಡ ನರ ಅಲ್ಲಿದೆ, ಅದರೊಳಗೆ ಸೇರಿಸುತ್ತದೆ. ಆಗ ನಿಮಗೆ ಉರಿ ಗೊತ್ತಾಗುವುದಿಲ್ಲ. ಸ್ವಲ್ಪ ಹೇಸಿಗೆಯಾದ ಹಾಗೆ, ಹೊಟ್ಟೆ ತೊಳಸಿದ ಹಾಗೆ ಅನ್ನಿಸುತ್ತದೆ. ಅಷ್ಟೇ."

"ಅಂದ್ರೆ ನೋವು ಹೋಗಿ ಹೇಸ್ಗೆ ಬತ್ತದೆ ಅಂತೀರಾ?" ಎಂದಳು ಹೊಂಬಾಳಮ್ಮ.

"ಸಣ್ಣ ಹೇಸಿಗೆ. ನೋವಿನ ಜೊತೆ ಬದುಕಲು ಆಗುವುದಿಲ್ಲ. ಸಣ್ಣ ಹೇಸಿಗೆಯ ಜೊತೆ ಎಲ್ಲರೂ ಬದುಕುತ್ತೇವೆ."

ಹೊಂಬಾಳಮ್ಮನಿಗೆ ನಗು ಬಂತು. ಸತ್ತ ಹುಳದ ಬಾಣಲೆಯ ಮುಂದೆ ಇಪ್ಪತ್ತೆಂಟು ವರ್ಷ ಕೂತವಳಿಗೆ ಹೇಸಿಗೆಯ ಹೆದರಿಕೆ ಹೇಳುತ್ತಿದ್ದಾರಲ್ಲ ಈ ಪುಣ್ಯಾತ್ಮರು ಎಂದುಕೊಂಡಳು.

ಹೇಸಿಗೆಯ ಅಳತೆ ಎಷ್ಟಿರಬೇಕು ಎಂಬುದನ್ನು ಶಸ್ತ್ರಕ್ರಿಯೆಗೆ ಮುಂಚೆಯೇ ಗೊತ್ತುಮಾಡಬೇಕಿತ್ತು. ಒಬ್ಬೊಬ್ಬರ ಹೊಟ್ಟೆ ಒಂದೊಂದು ಥರ. ಅದಕ್ಕೆಂದೇ ಮಂಗಳೂರಿನ ಕಡೆಯ ಜೆಸಿಂತಾ ಎಂಬ ತಂತ್ರಜ್ಞೆ ಇದ್ದಳು. ಅವಳ ಮುಂದೆ ಹತ್ತು ಸಣ್ಣ ಶೀಷೆಗಳು. ಮುಗ್ಗಿದ ಬಟ್ಟೆಯ ವಾಸನೆಯಿಂದ ಹಿಡಿದು ಕೊಳೆತ ಮೊಟ್ಟೆ, ಕೆಟ್ಟ ಮೀನು, ಹಳಸಿದ ವಾಂತಿಯವರೆಗೆ ಒಂದಕ್ಕಿಂತ ಒಂದು ಹೊಲಸು.

"ಅಮ್ಮ, ಸೊನ್ನೆಯಿಂದ ಹತ್ತರೊಳಗೆ ಹೇಳಬೇಕು ಆಯ್ತಾ? ಸೊನ್ನೆ ಅಂದ್ರೆ ಏನೂ ಇಲ್ಲ. ಹತ್ತು ಅಂದ್ರೆ ವಾಂತಿಯೇ ಬರ್ತದೆ ಅಂತ."

ಮೊದಲ ಶೀಷೆಗೆ ಹೊಂಬಾಳಮ್ಮ ಸೊನ್ನೆ ಎಂದಳು. ಎರಡಕ್ಕೂ ಸೊನ್ನೆ. ಆರನೆಯ ಶೀಷೆ ತೆರೆದಾಗ ಹೊಟ್ಟೆಯಲ್ಲಿದ್ದ ಇಡ್ಲಿ ಗಂಟಲಿಗೆ ಬಂದು ವಾಪಸು ಹೋಯಿತು. ಅದಕ್ಕೂ ಸೊನ್ನೆ ಎಂದಳು.

ಸುಳ್ಳು ಹೇಳುವ ಉದ್ದೇಶ ಅವಳಿಗಿರಲಿಲ್ಲ. ಬಾಣಲೆಯ ಮುಂದೆ ಕೂತವರು ಥೂ ಅನ್ನಬಾರದು, ಮೂಗು ಮುಚ್ಚಬಾರದು, ಮುಖ ಕಿವುಚಬಾರದು. ಅದು ರೇಷ್ಮೆ ಬಿಚ್ಚುವವರ ಕಟ್ಟು. ಮದುವೆಯಾಗಿ ಬಂದ ಹೊಸತರಲ್ಲಿ ಅವಳೂ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಅತ್ತೆ ಬಂದು ಸೆರಗು ಎಳೆದು ಕೆಳಗೆ ಹಾಕಿ, "ಅನ್ನ ಕೊಡೋ ಬಾಣಲೆ ಕಣೆ, ಅದ್ರ ಮುಂದೆ ಮೂಗು ಮುಚ್ತೀಯಾ" ಎಂದಿದ್ದಳು. ಮೂರು ತಿಂಗಳು ಹಸಿರು ಪಿತ್ತ ಕಾರಿಕೊಂಡ ಮೇಲೆ ವಾಸನೆ ಗೊತ್ತಾಗುವುದೇ ನಿಂತುಹೋಯಿತು. ಅಂದಿನಿಂದ ಹೇಸಿಗೆಯಾಯಿತು ಎಂದು ಒಪ್ಪಿಕೊಳ್ಳುವುದು ಅವಳ ಪಾಲಿಗೆ ಕೆಲಸ ಬರುವುದಿಲ್ಲ ಎಂದು ಒಪ್ಪಿಕೊಂಡಂತೆ.

"ಮುಖದಲ್ಲಿ ಒಂದು ಗೆರೆ ಕೂಡ ಅಲುಗುವುದಿಲ್ಲ ಅಲ್ವಾ ನಿಮ್ಮದು," ಎಂದು ಜೆಸಿಂತಾ ಬೆರಗಾದಳು. "ಇಷ್ಟು ಗಟ್ಟಿ ಹೊಟ್ಟೆ ನಾನು ನೋಡಿಯೇ ಇಲ್ಲ. ನಿಮಗೆ ದೊಡ್ಡ ಅಳತೆಯೇ ಇಡಬೇಕು. ಇಲ್ಲದಿದ್ರೆ ಮಿದುಳಿಗೆ ಗೊತ್ತೇ ಆಗುವುದಿಲ್ಲ, ನೋವು ಹಾಗೆಯೇ ಉಳೀತದೆ."

ಹೊಂಬಾಳಮ್ಮ ಹೆಮ್ಮೆಯಿಂದ ತಲೆಯಾಡಿಸಿದಳು.

ಶಸ್ತ್ರಕ್ರಿಯೆ ಐದು ಗಂಟೆ ಹಿಡಿಯಿತು. ಹತ್ತನೆಯ ದಿನ ಪಟ್ಟಿ ಬಿಚ್ಚಿ ಮುಚ್ಚಳಕ್ಕೆ ಜೀವ ಕೊಟ್ಟರು. ಹೊಂಬಾಳಮ್ಮ ಹೆದರುತ್ತಲೇ ಸೆರಗನ್ನು ಹೆಬ್ಬೆರಳಿನ ಬುಡಕ್ಕೆ ತಾಗಿಸಿದಳು. ಉರಿ ಬರಲಿಲ್ಲ. ಮಂಚದ ಕಂಬಿಗೆ ಒತ್ತಿದಳು, ಗೋಡೆಗೆ ಉಜ್ಜಿದಳು, ಅಳಿಯ ಎಂಬುದನ್ನೂ ನೋಡದೆ ಸಿದ್ಧಾರ್ಥನ ಮುಂದೆಯೇ ಮಗುವಿನ ಹಾಗೆ ಅತ್ತುಬಿಟ್ಟಳು. ಹೊಟ್ಟೆಯಲ್ಲಿ ಏನೋ ಕಸಿವಿಸಿ ಆಯಿತು. ಆಸ್ಪತ್ರೆಯ ಊಟದ್ದಿರಬೇಕು ಎಂದುಕೊಂಡಳು.

ಅದು ಊಟದ್ದಲ್ಲ ಎಂಬುದು ಮನೆಗೆ ಬಂದು ಬಾಣಲೆಯ ಮುಂದೆ ಕೂತಾಗ ತಿಳಿಯಿತು. ಬಿಸಿನೀರಿನಲ್ಲಿ ಕೈ ಅದ್ದಿ, ಮಣಿಕಟ್ಟು ತಿರುಗಿಸಿ ಗೂಡು ಕಲಕಿದಳು. ಅಷ್ಟೇ. ಇಪ್ಪತ್ತೆಂಟು ವರ್ಷದಿಂದ ಗೊತ್ತೇ ಆಗದಿದ್ದ ಹೊಲಸೆಲ್ಲ ಒಟ್ಟಿಗೆ ಮೇಲೆದ್ದು ಬಂತು. ಬೆಂದು ಕಂದಿದ ಹುಳಗಳ ಮೆತ್ತನೆಯ ಹೊಟ್ಟೆ, ನೀರಿನ ಮೇಲೆ ತೇಲುವ ಜಿಡ್ಡು, ಉಗುರಿನ ಸಂದಿಯ ಕಂದು ಲೋಳೆ. ಎದ್ದು ಓಡಲೂ ಪುರುಸೊತ್ತಾಗದೆ ಬಾಣಲೆಯ ಪಕ್ಕದಲ್ಲೇ ಕಾರಿಕೊಂಡಳು.

ಎದುರು ಬಾಣಲೆಯ ನೂರ್‌ಜಾನ್ ಕಣ್ಣರಳಿಸಿ ನೋಡಿದಳು. "ಏನಕ್ಕಾ, ಹೊಸ ಸೊಸೆ ಥರ ಆಗೋದ್ರಲ್ಲ," ಎಂದು ನೆಲಕ್ಕೆ ಬೂದಿ ಹಾಕಿದಳು.

ಅಂದಿನಿಂದ ಹೊಂಬಾಳಮ್ಮನ ಬದುಕು ಹೇಸಿಗೆಯ ಲೆಕ್ಕಾಚಾರವಾಯಿತು. ಕೈ ಸುಮ್ಮನಿದ್ದರೆ ಏನೂ ಇಲ್ಲ. ಮಣಿಕಟ್ಟಿಗೆ ಬಿಸಿ ತಾಗಿದರೆ, ಜೋರಾಗಿ ತಿರುವಿದರೆ, ಎತ್ತಿ ಇಟ್ಟರೆ, ಎಲ್ಲಿ ಉರಿ ಬರಬೇಕಿತ್ತೋ ಅಲ್ಲಿ ಓಕರಿಕೆ ಬರುತ್ತಿತ್ತು. ಮುದ್ದೆ ತೊಳಸಲು ಕೋಲು ತಿರುವಿದರೆ ರಾಗಿಹಿಟ್ಟು ಹೊಲಸಾಗಿ ಕಾಣುತ್ತಿತ್ತು. ಬಟ್ಟೆ ಹಿಂಡಿದರೆ ತನ್ನದೇ ಸೀರೆಯ ಮೇಲೆ ಅಸಹ್ಯ ಹುಟ್ಟುತ್ತಿತ್ತು. ಒಂದು ದಿನ ದೇವರ ದೀಪ ತಿಕ್ಕುತ್ತಾ ಥೂ ಎಂದು ಉಗಿದುಬಿಟ್ಟು, ಕೆನ್ನೆ ಕೆನ್ನೆ ಬಡಿದುಕೊಂಡಳು. ನೋವಾದರೆ ಕೈಯಲ್ಲಿ ಇರುತ್ತದೆ, ಇದು ಕೈಯಲ್ಲಿ ಇರುವುದಿಲ್ಲ. ಕೈ ಮುಟ್ಟಿದ ವಸ್ತುವಿನ ಮೇಲೆ ಹೋಗಿ ಕೂತುಬಿಡುತ್ತದೆ. ಈ ಮಾತನ್ನು ಡಾಕ್ಟರು ಹೇಳಿಯೇ ಇರಲಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ, ಮುಚ್ಚಳ ಹಾಕಿಸಿಕೊಂಡವರು ಅವರಲ್ಲವಲ್ಲ.

ಫೋನು ಮಾಡಿದರೆ ಜೆಸಿಂತಾ, "ತಿಂಗಳ ತಪಾಸಣೆಗೆ ಬನ್ನಿ, ಅಳತೆ ಕಡಿಮೆ ಮಾಡುವ. ಮುಚ್ಚಳ ಎಲ್ಲವನ್ನೂ ಗುರುತಿಟ್ಟುಕೊಳ್ತದೆ. ನೀವು ಯಾವ ಹೊತ್ತಿಗೆ ಏನು ಮುಟ್ಟಿದಾಗ ಹೇಸಿಗೆ ಆಯ್ತು ಅಂತ ಬರೆದಿಡಿ, ಎರಡನ್ನೂ ತಾಳೆ ನೋಡುವ," ಎಂದಳು. ಹೊಂಬಾಳಮ್ಮ ಕ್ಯಾಲೆಂಡರಿನ ಚೌಕಗಳಲ್ಲಿ ಸೊಟ್ಟ ಅಕ್ಷರದಲ್ಲಿ ಬರೆಯತೊಡಗಿದಳು. ಬಾಣಲೆ, ಏಳು ಗಂಟೆ. ಮುದ್ದೆ, ಒಂದು ಗಂಟೆ.

ಹಾಗೆ ಬರೆಯುತ್ತಿರುವಾಗಲೇ ಸ್ಪಂದನಳಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಐದನೆಯ ದಿನ ತಾಯಿಯ ಮನೆಗೆ ಬಂದಳು.

ಸ್ಪಂದನ ಈ ಮನೆಯ ಹೊಸ್ತಿಲು ತುಳಿಯುವುದು ಅಷ್ಟು ಸಲೀಸಾಗಿ ಆದದ್ದಲ್ಲ. ಸಿದ್ಧಾರ್ಥ ಕೆರೆ ಆಚೆಯ ಕಾಲೋನಿಯವನು. ಅವರಿಬ್ಬರ ಮದುವೆ ನೋಂದಣಿ ಕಚೇರಿಯಲ್ಲಿ ಆದಾಗ ಹೊಂಬಾಳಮ್ಮ ಬಾಗಿಲು ಹಾಕಿಕೊಂಡು ಮಲಗಿದ್ದಳು. ಆರು ತಿಂಗಳ ಮೇಲೆ ಮನಸ್ಸು ಕರಗಿ ಕರೆಸಿಕೊಂಡಳು. ಅಳಿಯನಿಗೆ ಕಾಫಿ ಕೊಟ್ಟಳು. ಅವನು ಹೋದ ಮೇಲೆ ಆ ಲೋಟ ಬಚ್ಚಲ ಕಿಟಕಿಯ ಮೇಲೆ ಬೇರೆಯಾಗಿ ಕೂತಿತ್ತು. ಸ್ಪಂದನ ನೋಡಿದಳು. ಏನೂ ಹೇಳದೆ ಅದನ್ನು ತೊಳೆದು ಮಿಕ್ಕ ಲೋಟಗಳ ನಡುವೆ ಇಟ್ಟು ಹೋದಳು. ಮುಂದಿನ ಸಲ ಬಂದಾಗ ಲೋಟ ಮತ್ತೆ ಕಿಟಕಿಯ ಮೇಲಿತ್ತು. ಅಂದು ತಾಯಿ ಮಗಳಿಗೆ ದೊಡ್ಡ ಜಗಳವಾಯಿತು. ಇನ್ನೊಂದು ಸಲ ಇಂಥದ್ದು ಕಂಡರೆ ಈ ಮನೆಗೆ ಕಾಲಿಡುವುದಿಲ್ಲ ಎಂದು ಸ್ಪಂದನ ಹೇಳಿದ್ದಳು. ಹೊಂಬಾಳಮ್ಮ ತಪ್ಪಾಯಿತು ಎಂದಿದ್ದಳು. ನಿಜವಾಗಿಯೇ ತಿದ್ದಿಕೊಂಡೆ ಎಂದು ನಂಬಿದ್ದಳು ಕೂಡ. ಅವನ ಎದುರು ಕೂತು ಊಟ ಮಾಡಿದಳು, ಅವನ ಸ್ಕೂಟರಿನ ಹಿಂದೆ ಕೂತು ಆಸ್ಪತ್ರೆಗೆ ಹೋದಳು. ಇನ್ನೇನು ಬೇಕು ಎಂದುಕೊಂಡಿದ್ದಳು.

ಮಗುವಿನ ಮೊದಲ ಎಣ್ಣೆನೀರಿನ ಬೆಳಿಗ್ಗೆ. ಸಿದ್ಧಾರ್ಥ ಬೇಗ ಬಂದು ತನ್ನ ತಾಯಿ ಕಳಿಸಿದ ಚೀಲ ಕೊಟ್ಟು ಕೆಲಸಕ್ಕೆ ಹೋಗಿದ್ದ. ಚೀಲದಲ್ಲಿ ಮನೆಯಲ್ಲೇ ಕಾಸಿದ ಹರಳೆಣ್ಣೆಯ ಬಾಟಲಿ ಇತ್ತು, ಒಗೆದು ಮಡಿಸಿದ ಹಳೆಯ ನೂಲಿನ ಸೀರೆ ಇತ್ತು. ಎಳೆಮಗುವನ್ನು ಹಿರಿಯರು ಉಟ್ಟು ಸವೆದ ಸೀರೆಯ ಮೇಲೆ ಮಲಗಿಸುವುದು ವಾಡಿಕೆ. ಅಷ್ಟು ಮೆತ್ತಗಿನ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ, ತಂದೆಯ ಮನೆಯ ಆಶೀರ್ವಾದವೂ ಅದರಲ್ಲಿ ಬರುತ್ತದೆ ಎಂದು ನಂಬಿಕೆ.

ಬಚ್ಚಲಲ್ಲಿ ಹೊಂಬಾಳಮ್ಮ ಮಣೆಯ ಮೇಲೆ ಕೂತು ಕಾಲು ನೀಡಿದಳು. ಸ್ಪಂದನ ಸೀರೆಯನ್ನು ಬಿಚ್ಚಿ ತಾಯಿಯ ಕಾಲ ಮೇಲೆ ಹಾಸಿ, ಮೇಲೆ ಮಗುವನ್ನು ಮಲಗಿಸಿದಳು. ಹೊಂಬಾಳಮ್ಮ ಸೀರೆಯ ಅಂಚನ್ನು ಬೆರಳಿನಲ್ಲಿ ಹಿಡಿದು ಮಗುವಿನ ಕೆಳಗೆ ಸರಿಮಾಡಹೋದಳು. ಆ ಕ್ಷಣ ಬಂತು ಅದು. ಹೊಟ್ಟೆಯ ತಳದಿಂದ ಎದ್ದು ಎದೆಗೆ, ಎದೆಯಿಂದ ಗಂಟಲಿಗೆ. ಯಾರ ಮೈಮೇಲೆ ಸವೆದ ಸೀರೆ ಇದು, ಯಾರ ಬೆವರು ಕುಡಿದದ್ದು, ಯಾವ ಬಚ್ಚಲಲ್ಲಿ ಒಗೆದದ್ದು ಎಂದು ಕೈ ಕೇಳಿದಂತಾಯಿತು. ಎಣ್ಣೆಯ ಬಾಟಲಿಯ ಕಡೆ ನೋಡಿದಳು, ಅದರ ಬಾಯಿಗೆ ಅಂಟಿದ ಜಿಡ್ಡು ಕಂಡು ಇನ್ನಷ್ಟು ತೊಳಸಿತು. ಮಗು ಬಾಯಿ ತೆರೆದು ಅವಳತ್ತ ಮುಖ ಹೊರಳಿಸಿತು. ಅದೇ ಅಗಲ ಹಣೆ, ಅದೇ ಮೂಗು, ಬೀಗಿತ್ತಿಯ ಮುಖ ಕಿತ್ತು ಇಟ್ಟ ಹಾಗೆ. ಹೊಂಬಾಳಮ್ಮನ ಮೇಲ್ತುಟಿ ಎತ್ತಿಕೊಂಡಿತು, ಮೂಗು ಸುಕ್ಕಾಯಿತು, ಕುತ್ತಿಗೆ ತಾನಾಗಿ ಹಿಂದಕ್ಕೆ ಹೋಯಿತು.

ತಲೆ ಎತ್ತಿದರೆ ಎದುರಿಗೆ ಸ್ಪಂದನ.

"ಏನಮ್ಮಾ ಅದು ಮುಖ?"

"ಏನಿಲ್ಲ ಕಣವ್ವ. ಕೈ..."

"ನನ್ ಮಗೂನ ನೋಡಿ ಯಾಕಂಗೆ ಮುಖ ಮಾಡ್ದೆ?"

ಸ್ಪಂದನ ಬಗ್ಗಿ ಮಗುವನ್ನು ಎತ್ತಿಕೊಂಡಳು. ಹೊಲಿಗೆ ಹಾಕಿದ ಮೈ, ಬಗ್ಗಿದ್ದಕ್ಕೆ ನೋವಾಗಿ ಹಲ್ಲು ಕಚ್ಚಿದಳು. ಹೊಂಬಾಳಮ್ಮ ಗಾಬರಿಯಲ್ಲಿ ನೀರಿನ ಹದ ನೋಡುವವಳಂತೆ ಹಂಡೆಯೊಳಗೆ ಕೈ ಅದ್ದಿದಳು. ಬಿಸಿ ತಾಗಿ ನಿಜಕ್ಕೂ ಓಕರಿಕೆ ಬಂತು, ಬಚ್ಚಲ ಗೋಡೆ ಹಿಡಿದು ಕಾರಿಕೊಂಡಳು.

"ನೋಡು, ನೋಡು," ಎಂದಳು ಬಾಯಿ ಒರೆಸಿಕೊಳ್ಳುತ್ತಾ. "ಮಿಷೀನು ಕಣೆ ಇದು. ಬಾಣಲೆ ಮುಂದೂ ಹಿಂಗೇ ಆಯ್ತದೆ. ಬೇಕಾದ್ರೆ ನೂರ್‌ಜಾನ್‌ನ ಕೇಳು." ಶೀಷೆಗಳ ಕಥೆಯನ್ನೂ ಹೇಳಿದಳು. ಹತ್ತಕ್ಕೂ ಸೊನ್ನೆ ಎಂದದ್ದು, ಅದರಿಂದ ಅಳತೆ ವಿಪರೀತ ಇಟ್ಟದ್ದು, ಎಲ್ಲ.

ಸ್ಪಂದನ ಕೇಳುತ್ತಾ ಕೇಳುತ್ತಾ ಸಡಿಲವಾದಳು. ಕೊನೆಗೆ ನಕ್ಕೇಬಿಟ್ಟಳು. "ಕೊಳ್ತ ಮೊಟ್ಟೆಗೂ ಸೊನ್ನೆ ಅಂದ್ಯಾ? ನಿನ್ ಜಂಬಕ್ಕೆ ಏನ್ ಹೇಳಣ ಬುಡಮ್ಮ." ಕ್ಯಾಲೆಂಡರು ತಂದು ಅಂದಿನ ಚೌಕದಲ್ಲಿ ತಾನೇ ಬರೆದಳು. ಎಂಟು ನಲವತ್ತು, ಮಗು, ಸೀರೆ. ಅದರ ಕೆಳಗೆ, ಎಂಟು ನಲವತ್ತೈದು, ಬಿಸಿನೀರು. ಆಸ್ಪತ್ರೆಯವರು ಸರಿಮಾಡುವವರೆಗೆ ಮಗುವಿಗೆ ತಾನೇ ನೀರು ಎರೆಯುತ್ತೇನೆ ಎಂದಳು. ಅವಳು ನಂಬಿದ್ದಳು. ಹೊಂಬಾಳಮ್ಮನೂ ನಂಬಿದ್ದಳು, ಅಥವಾ ನಂಬಿದ್ದೇನೆ ಎಂದು ದಿನಕ್ಕೆ ನಾಲ್ಕು ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ತಪಾಸಣೆಯ ದಿನ ಸ್ಪಂದನ ಹಟ ಹಿಡಿದು ಮಗುವನ್ನೂ ಎತ್ತಿಕೊಂಡು ಬಂದಳು. ಡಾಕ್ಟರ ಬಾಯಿಂದಲೇ ಕೇಳಬೇಕು, ಯಾವಾಗ ಸರಿಹೋಗುತ್ತದೆ ಎಂದು ತಿಳಿಯಬೇಕು ಎಂಬುದು ಅವಳ ಆಸೆ. ಸಿದ್ಧಾರ್ಥ ಗೆಳೆಯನ ಕಾರು ತಂದು ಮೂವರನ್ನೂ ಇಳಿಸಿ, ಊಟ ತರುತ್ತೇನೆಂದು ಹೋದ.

ಹೊರಗಿನ ಬೆಂಚುಗಳಲ್ಲಿ ಮುಚ್ಚಳ ಹಾಕಿಸಿಕೊಂಡವರ ಸಾಲು. ಚಿಕ್ಕಪೇಟೆಯ ದರ್ಜಿಯೊಬ್ಬ ತನ್ನ ಕತ್ತರಿ ಕಂಡರೇ ವಾಕರಿಕೆ ಬರುತ್ತದೆಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದ. ಪಕ್ಕದಲ್ಲಿದ್ದ ಮೇಷ್ಟರು ಹೆಂಡತಿಯ ಕೈ ಹಿಡಿದು ನಡೆಯುತ್ತಿದ್ದವರು, ಈಗ ಮಾರು ದೂರ ಕೂತಿದ್ದರು. ಆಕೆ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನೋವಿಗಾದರೆ ಎಲ್ಲರೂ ಅಯ್ಯೋ ಎನ್ನುತ್ತಾರೆ. ಹೇಸಿಗೆಗೆ ಅಯ್ಯೋ ಅನ್ನುವವರು ಯಾರು?

ಒಳಗೆ ಜೆಸಿಂತಾ ಹೊಂಬಾಳಮ್ಮನ ಮಣಿಕಟ್ಟಿನ ಮೇಲೆ ಬಿಲ್ಲೆಯಂಥದ್ದನ್ನು ಇಟ್ಟಳು. ಗೋಡೆಯ ಪರದೆಯ ಮೇಲೆ ಇಡೀ ತಿಂಗಳು ಗೆರೆಯಾಗಿ ಬಿಚ್ಚಿಕೊಂಡಿತು. ಕೆಲವು ಕಡೆ ಸಪಾಟು, ಕೆಲವು ಕಡೆ ರಾಮನಗರದ ಬೆಟ್ಟಗಳ ಹಾಗೆ ನೆಟ್ಟಗೆ ಎದ್ದು ನಿಂತಿತ್ತು.

"ಮಾರಾಯ್ತಿ, ಇದೇನು ಅಳತೆ," ಎಂದು ಜೆಸಿಂತಾ ತಲೆ ಚಚ್ಚಿಕೊಂಡಳು. "ಪಾಪ, ಹೇಗೆ ಬದುಕಿದ್ರಿ? ಬಾಣಲೆ, ಏಳು ಗಂಟೆ. ಉಂಟು ನೋಡಿ, ತುದಿ ಮುಟ್ಟಿದೆ. ಮುದ್ದೆ, ಒಂದು ಗಂಟೆ. ಉಂಟು." ಕ್ಯಾಲೆಂಡರಿನ ಒಂದೊಂದೇ ಚೌಕವನ್ನು ಗೆರೆಯ ಜೊತೆ ತಾಳೆ ನೋಡುತ್ತಾ ಹೋದಳು. ಎಲ್ಲವೂ ಸರಿಯಾಗಿ ಕೂಡುತ್ತಿತ್ತು. ಹೊಂಬಾಳಮ್ಮನ ಎದೆ ಮಾತ್ರ ಒಂದು ತಾರೀಖಿನ ಕಡೆ ಜಾರುತ್ತಿತ್ತು. ಅಲ್ಲಿಗೆ ಬರುವ ಮೊದಲು ಕರೆಂಟು ಹೋಗಬಾರದೇ ಎಂದು ಬೇಡಿಕೊಂಡಳು. ಇಂಥ ಆಸ್ಪತ್ರೆಗಳಲ್ಲಿ ಕರೆಂಟು ಹೋಗುವುದಿಲ್ಲ.

"ಎಂಟು ನಲವತ್ತು, ಮಗು, ಸೀರೆ," ಎಂದು ಓದಿದ ಜೆಸಿಂತಾ ಪರದೆ ನೋಡಿ ಹಿಗ್ಗಿದಳು. "ನೋಡಿ, ಇಲ್ಲಿ ಒಳ್ಳೆ ಸುದ್ದಿ ಉಂಟು. ಎಂಟು ಮೂವತ್ತರಿಂದ ಎಂಟು ನಲವತ್ತನಾಲ್ಕರವರೆಗೆ ಗೆರೆ ಸಪಾಟು. ಒಂದು ಚೂರೂ ಏಳಲಿಲ್ಲ. ಅಂದ್ರೆ ಮಗು ಮುಟ್ಟಿದ್ದಕ್ಕೆ, ಬಟ್ಟೆ ಮುಟ್ಟಿದ್ದಕ್ಕೆ ಮುಚ್ಚಳ ಏನೂ ಕಳಿಸುವುದೇ ಇಲ್ಲ. ಬೆರಳ ತುದಿಯ ಸ್ಪರ್ಶ ಬೇರೆ ನರದಲ್ಲಿ ಹೋಗ್ತದೆ, ಹೆಬ್ಬೆರಳಿನ ಬುಡದ ಈ ನರಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿ ನಲವತ್ತೈದಕ್ಕೆ ಬಿಸಿನೀರು, ಅದು ಮಾತ್ರ ಎದ್ದಿದೆ. ನೀರು ಉಗುರುಬೆಚ್ಚಗೆ ಇಟ್ಟುಕೊಳ್ಳಿ, ಇವತ್ತು ಅಳತೆಯೂ ಇಳಿಸ್ತೇನೆ. ಮೊಮ್ಮಗುವನ್ನು ಧೈರ್ಯವಾಗಿ ಎತ್ತಿ ಆಡಿಸಿ."

ಆ ಹುಡುಗಿ ನಿಜವಾಗಿಯೂ ಸಂತೋಷದಿಂದ ಹೇಳಿದಳು. ಹೊಂಬಾಳಮ್ಮ ಪಕ್ಕಕ್ಕೆ ತಿರುಗಲಿಲ್ಲ. ತಿರುಗದಿದ್ದರೂ ಪಕ್ಕದ ಕುರ್ಚಿಯಲ್ಲಿ ಸ್ಪಂದನಳ ಉಸಿರು ಒಂದು ಸಲ ನಿಂತು ಮತ್ತೆ ಶುರುವಾದದ್ದು ಕೇಳಿಸಿತು.

"ಗಡಿಯಾರ ಹಿಂದೆ ಮುಂದೆ ಆಗಿರಬಹುದಾ?" ಎಂದು ಕೇಳಿದಳು ಸ್ಪಂದನ.

"ಇಲ್ಲ, ಅದು ತಪ್ಪುವುದಿಲ್ಲ. ಮಿಕ್ಕಿದ್ದೆಲ್ಲ ನಿಮಿಷಕ್ಕೆ ನಿಮಿಷ ಸರಿ ಉಂಟಲ್ಲ. ಯಾಕೆ, ಆಗ ಏನಾಯ್ತು?"

"ಏನಿಲ್ಲ," ಎಂದಳು ಸ್ಪಂದನ.

ಅಳತೆ ಇಳಿಸಲು ಕಾಲು ಗಂಟೆ ಸಾಕಾಯಿತು. ಜೆಸಿಂತಾ ಬಿಸಿನೀರಿನ ಬಟ್ಟಲಲ್ಲಿ ಕೈ ಅದ್ದಿಸಿದಳು. ಹೊಟ್ಟೆಯಲ್ಲಿ ಸಣ್ಣಗೆ ಕಸಿವಿಸಿಯಾಗಿ ನಿಂತುಹೋಯಿತು, ಉರಿಯೂ ಇಲ್ಲ. ಡಾಕ್ಟರ್ ಇಂದುಶೇಖರ್ ಬಂದು ನೋಡಿ ಬೆನ್ನು ತಟ್ಟಿದರು. ಶಸ್ತ್ರಕ್ರಿಯೆ ಪೂರ್ತಿ ಯಶಸ್ವಿ ಎಂದರು.

ಹೊರಗಿನ ಪಡಸಾಲೆಯ ಕೊನೆಯಲ್ಲಿ, ಜನ ಇಲ್ಲದ ಕಡೆ, ಸ್ಪಂದನ ಮಗುವನ್ನು ಎದೆಗೊತ್ತಿಕೊಂಡು ನಿಂತಳು. ಹೊಂಬಾಳಮ್ಮ ಎದುರಿಗೆ ಹೋಗಿ ನಿಂತಳು. ತನ್ನ ಮೇಲೆ ತನಗೆ ಹುಟ್ಟಿದ ಹೇಸಿಗೆ ಎಷ್ಟಿತ್ತೆಂದರೆ ತನ್ನ ಉಗುಳು ನುಂಗಲೂ ಅಸಹ್ಯವಾಗುತ್ತಿತ್ತು. ಇಪ್ಪತ್ತೆಂಟು ವರ್ಷ ಹೊಲಸಿನ ಮುಂದೆ ಅಲುಗದೆ ಕೂತ ಮುಖ ಇದು. ಹತ್ತು ಶೀಷೆಗೆ ಒಂದು ಗೆರೆ ಮೂಡಿರಲಿಲ್ಲ. ಒಗೆದು ಮಡಿಸಿದ ಒಂದು ಸೀರೆಗೆ, ವಾರವೂ ತುಂಬದ ಕೂಸಿಗೆ, ಕಿವುಚಿಕೊಂಡಿತ್ತು. ತಪ್ಪನ್ನು ಮುಚ್ಚಳದ ಮೇಲೆ ಹಾಕಿ ಕೈತೊಳೆದುಕೊಳ್ಳೋಣವೆಂದರೆ ಅದೂ ಒಲ್ಲೆ ಅಂದಿತು.

"ನಂಗೇ ಗೊತ್ತಿರ್ಲಿಲ್ಲ ಕಣೆ, ನಿನ್ನಾಣೆಗೂ," ಎಂದಳು. "ಹೋಗೈತೆ ಅಂತಿದ್ದೆ. ಒಳಗೆ ಇನ್ನೂ ಐತೆ ಅಂತ ನಂಗೆ ಗೊತ್ತಿರ್ಲಿಲ್ಲ."

ಸ್ಪಂದನ ಮಗುವಿನ ಹೊದಿಕೆ ಸರಿಮಾಡಿದಳು.

"ನಾನೇ ಎರಿತೀನಿ. ದಿನಾ ಎರಿತೀನಿ. ಅವ್ರ ಸೀರೆನೇ ಹಾಸ್ಕೊಂಡು ಎರಿತೀನಿ. ಬಾಣಲೆದೂ ಮೊದಮೊದ್ಲು ಹಂಗೇ ಆಗ್ತಿತ್ತು, ಮೂರು ತಿಂಗ್ಳು ಮುಟ್ಟಿ ಮುಟ್ಟಿ ಅಭ್ಯಾಸ ಆಯ್ತು. ಇದೂ ಅಭ್ಯಾಸ ಆಯ್ತದೆ ಕಣವ್ವ."

ಆ ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಎಂಥ ಮಾತು ಎಂದು ಅವಳಿಗೆ ತಿಳಿಯಿತು. ಅಷ್ಟರಲ್ಲಿ ತಡವಾಗಿತ್ತು.

"ನಿಂಗೆ ಅಭ್ಯಾಸ ಆಗೋಗಂಟ ನನ್ ಕೂಸು ನಿನ್ ಕಾಲ್ ಮೇಲೆ ಮಲ್ಕೊಂಡು ನಿನ್ ಮುಖ ನೋಡ್ತಾ ಇರ್ಬೇಕಾ?" ಎಂದು ಕೇಳಿದಳು ಸ್ಪಂದನ. ದನಿ ಏರಿರಲಿಲ್ಲ. "ಅದಕ್ಕೆ ಈಗ ಏನೂ ಗೊತ್ತಾಗಲ್ಲ. ಮೂರ್ ತಿಂಗ್ಳಿಗೆ ಮುಖ ಗುರ್ತು ಹಿಡಿತದೆ. ಅದು ಮೊದ್ಲು ಕಲಿಯೋ ಮುಖ ಅಂಥದ್ದಾಗೋದು ಬ್ಯಾಡ ಕಣಮ್ಮ."

"ಬಾಣಂತನ..."

"ಅವ್ರಮ್ಮ ಮಾಡ್ತಾರೆ."

ಸಿದ್ಧಾರ್ಥ ಊಟದ ಪೊಟ್ಟಣಗಳನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಬಿಸಿಲಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಅತ್ತೆಯ ಪೊಟ್ಟಣ ಬೇರೆ ತಂದಿದ್ದ, ಖಾರವಿಲ್ಲದ್ದು, ಹೊಟ್ಟೆಗೆ ಹಿತವಾಗಲಿ ಎಂದು.

"ಏನಂದ್ರು? ಸರಿಯಾಯ್ತಾ ಅತ್ತೆ?" ಎಂದು ಕೇಳಿದ.

ಹೊಂಬಾಳಮ್ಮ ಬಾಯಿ ತೆರೆದಳು. ನಿಜ ಹೇಳಿಬಿಡಬೇಕು ಎನ್ನಿಸಿತು. ಅವನ ಮುಂದೆ ಅದನ್ನು ಆಡುವುದು ಹೇಗೆ ಎಂದು ತಿಳಿಯಲಿಲ್ಲ.

"ಇಲ್ಲ," ಎಂದಳು ಸ್ಪಂದನ. "ಮಿಷೀನು ಕೆಟ್ಟೋಗೈತಂತೆ. ಈಗ್ಲೇ ಸರಿಯಾಗಲ್ವಂತೆ."

ಹೊಂಬಾಳಮ್ಮ ಮಗಳ ಕಡೆ ನೋಡಿದಳು. ಆ ಸುಳ್ಳು ತನ್ನ ಮಾನ ಉಳಿಸಲು ಹೇಳಿದ್ದಲ್ಲ ಎಂಬುದು ಮಗಳ ಕಣ್ಣಲ್ಲೇ ಇತ್ತು. ಬಚ್ಚಲ ಕಿಟಕಿಯ ಲೋಟವನ್ನು ಅವನು ಕಂಡಿದ್ದನೋ ಇಲ್ಲವೋ, ಈ ಇನ್ನೊಂದನ್ನು ಅವನು ಕೇಳುವುದು ಬೇಡವಾಗಿತ್ತು ಸ್ಪಂದನಳಿಗೆ.

"ಅಯ್ಯೋ ಪಾಪ. ಇರ್ಲಿ ಬುಡಿ, ಬೇರೆ ಕಡೆ ತೋರ್ಸಣ. ನಾನು ವಿಚಾರ್ಸ್ತೀನಿ," ಎಂದ ಸಿದ್ಧಾರ್ಥ.

"ಅಲ್ಲಿಗಂಟ ನಾವು ನಿಮ್ಮನೆಲೇ ಇರಣ. ಅಮ್ಮಂಗೆ ಯಾಕೆ ತೊಂದ್ರೆ."

"ಹಂಗೇ ಆಗ್ಲಿ. ನಮ್ಮವ್ವಂಗೂ ಖುಷಿ ಆಯ್ತದೆ." ಅವನು ಪೊಟ್ಟಣಗಳನ್ನು ಬೆಂಚಿನ ಮೇಲಿಟ್ಟು, ನಿದ್ದೆ ಹೋಗಿದ್ದ ಮಗಳ ಕೆನ್ನೆಯನ್ನು ಬೆರಳ ಹಿಂಬದಿಯಿಂದ ಸವರಿದ. ಆಮೇಲೆ ಹೊಂಬಾಳಮ್ಮನ ಮುಖ ನೋಡಿ, ಆ ಮುಖದಲ್ಲಿ ಏನು ಕಂಡನೋ, ಹೆಂಡತಿಗೆ ಹೇಳಿದ, "ಅತ್ತೆ ಕೈಗೆ ಒಂದ್ಸಲ ಕೊಡು ಮಗೂನ. ಹೋಗೋಕ್ ಮುಂಚೆ ಎತ್ಕೊಳ್ಳಿ ಪಾಪ, ಆಸೆ ಇರಲ್ವಾ."

ಹೊಂಬಾಳಮ್ಮನ ಎರಡೂ ಕೈ ತಾವಾಗಿ ಮುಂದಕ್ಕೆ ಚಾಚಿದವು. ಸ್ಪಂದನ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು.

"ಬ್ಯಾಡ," ಎಂದಳು. "ಕೈ ನೋಯ್ತದೆ ಅವ್ರಿಗೆ."

ಸಿದ್ಧಾರ್ಥ ಹೌದಲ್ಲವೇ ಎಂದು ತಲೆಯಾಡಿಸಿದ. ಹೊಂಬಾಳಮ್ಮ ಚಾಚಿದ ಕೈಗಳನ್ನು ಹಾಗೆಯೇ ಸ್ವಲ್ಪ ಹೊತ್ತು ಹಿಡಿದಿದ್ದಳು. ಏಳು ವರ್ಷದಲ್ಲಿ ಮೊದಲ ಸಲ ಅವು ಒಂದಿಷ್ಟೂ ನೋಯುತ್ತಿರಲಿಲ್ಲ.